ಟೇಸ್ಟಿಂಗ್ ಪೌಡರ್‌ನಿಂದ ಆಪರೇಷನ್ ಥಿಯೇಟರ್‌ವರೆಗೆ: ಎಳೆ ಮೆದುಳಿನ ಕೋಶಗಳು ಸಾಯೋದು ಯಾಕೆ?

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರರೂಪ)



ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ಮನೆಯಲ್ಲಿ ಸೂಪ್ ಪೌಡರೋ, ಚಿಪ್ಸೋ, ಯಾವುದಾದರೂ ಮಸಾಲೆ ಪ್ಯಾಕೆಟ್ಟೋ ಇದ್ದರೆ ಹಿಂಬದಿ ತಿರುಗಿಸಿ ನೋಡಿ. ಅದಕ್ಕೆ ಮೋನೋಸೋಡಿಯಂ ಗ್ಲುಟಮೇಟ್ ಹಾಕಿದ್ದರೆ, 12 ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಇದು ಬೇಡ ಅಂತ ಇಂಗ್ಲಿಷಲ್ಲಿ ಒಂದು ಸಾಲು ಇರುತ್ತೆ. ಮೋನೋಸೋಡಿಯಂ ಗ್ಲುಟಮೇಟ್ ಅಂದ್ರೆ ಬೇರೇನಲ್ಲ, ನಮ್ಮ ಗೋಬಿ ಗಾಡಿಯವರು ಟೇಸ್ಟಿಂಗ್ ಪೌಡರ್ ಅಂತಾರಲ್ಲ, ಅದೇ. ಆ ಸಾಲು ಹಾಕಬೇಕು ಅನ್ನೋದು ನಮ್ಮ ದೇಶದ ಲೇಬಲ್ ನಿಯಮ. (2024ರಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಹೇಳಿತಲ್ಲ, ಅದು ಬೇರೆ ಕಥೆ. ಎರಡನ್ನೂ ಕಲಸಬೇಡಿ.)

ದೊಡ್ಡವರಿಗೆ ಪರವಾಗಿಲ್ಲ, ಪುಟ್ಟ ಮಕ್ಕಳಿಗೆ ಮಾತ್ರ ಬೇಡ. ಯಾಕೆ ಹೀಗೆ? ಇದನ್ನು ಹುಡುಕ್ತಾ ಹಿಂದೆ ಹೋದರೆ 1969ರ ಒಂದು ಪ್ರಯೋಗಕ್ಕೆ ಹೋಗಿ ತಲುಪ್ತೀವಿ. ಅದನ್ನು ಮಾಡಿದವರು ಜಾನ್ ಓಲ್ನಿ. ಅಮೆರಿಕದ ಸೇಂಟ್ ಲೂಯಿಸ್ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಡಾಕ್ಟರ್. ಓದಿದ್ದು ಮನೋವೈದ್ಯ, ಆದರೆ ಬದುಕಿಡೀ ಮಾಡಿದ ಕೆಲಸ ಮೈಕ್ರೋಸ್ಕೋಪಿನ ಮುಂದೆ ಕೂತು, ಬೆಳೆಯುತ್ತಿರೋ ಮೆದುಳಲ್ಲಿ ನರಕೋಶಗಳು ಹೇಗೆ ಸಾಯ್ತವೆ ಅಂತ ನೋಡೋದು. 2015ರಲ್ಲಿ ತೀರಿಕೊಂಡರು. ನಮ್ಮಲ್ಲಿ ಹೆಸರು ಕೇಳಿದವರು ಕಡಿಮೆ. ಆದರೆ ನಿಮ್ಮ ಮನೆಯಲ್ಲಿ ಒಂದು ಪುಟ್ಟ ಮಗು ಇದ್ದು, ಅದಕ್ಕೊಂದು ಆಪರೇಷನ್ ಆಗಬೇಕು ಅಂತಾದರೆ, ಡಾಕ್ಟರ ಹತ್ತಿರ ನೀವು ಕೇಳೋ ಪ್ರಶ್ನೆಗಳಲ್ಲಿ ಒಂದು ಇವರಿಂದ ಬಂದದ್ದು.

ಮೊದಲು 1957ಕ್ಕೆ ಹೋಗೋಣ. ಲ್ಯೂಕಸ್ ಮತ್ತು ನ್ಯೂಹೌಸ್ ಅನ್ನೋ ಇಬ್ಬರು ಕಣ್ಣಿನ ಸಂಶೋಧಕರು ಹುಟ್ಟಿದ ಇಲಿಮರಿಗಳಿಗೆ ಗ್ಲುಟಮೇಟ್ ಚುಚ್ಚಿದ್ರು. ಕಣ್ಣಿನ ಹಿಂದಿನ ಪರದೆ, ರೆಟಿನಾ ಅಂತೀವಲ್ಲ, ಅದರ ಒಳಪದರದ ಕೋಶಗಳು ಸತ್ತುಹೋದವು. ಅದು ಅಲ್ಲಿಗೇ ನಿಂತಿತ್ತು. ಸುಮಾರು ಹತ್ತು ವರ್ಷ ಆದ ಮೇಲೆ ಓಲ್ನಿ ಅದೇ ಪ್ರಯೋಗ ಮತ್ತೆ ಮಾಡಿದ್ರು, ರೆಟಿನಾ ಹೇಗೆ ಹಾಳಾಗುತ್ತೆ ಅಂತ ಸರಿಯಾಗಿ ನೋಡೋಕೆ. ಆಗ ಕಣ್ಣಿಗೆ ಸಂಬಂಧವೇ ಇಲ್ಲದ ಒಂದು ವಿಷಯ ಗಮನಕ್ಕೆ ಬಂತು. ಇಂಜೆಕ್ಷನ್ ತಗೊಂಡ ಮರಿಗಳು ಬೆಳೀತಾ ಬೆಳೀತಾ ವಿಪರೀತ ದಪ್ಪ ಆಗ್ತಿದ್ವು.

ಕಣ್ಣಿಗೆ ಕೊಟ್ಟ ಏಟು ಹೊಟ್ಟೆ ಮೇಲೆ ಯಾಕೆ ಕಾಣ್ತಿದೆ? ಓಲ್ನಿ ಮೆದುಳು ತೆಗೆದು ನೋಡಿದ್ರು. ಹಸಿವು, ಹಾರ್ಮೋನು ಇವನ್ನೆಲ್ಲ ನೋಡಿಕೊಳ್ಳೋ ಹೈಪೋಥಲಾಮಸ್ ಭಾಗದಲ್ಲಿ ಒಂದು ಗುಂಪು ನರಕೋಶಗಳು ಸತ್ತಿದ್ದವು. ಮರಿಗಳು ದೊಡ್ಡವಾದ ಮೇಲೆ ಗಿಡ್ಡ, ದಪ್ಪ, ಹೆಣ್ಣಿಲಿಗಳಿಗೆ ಮರಿ ಆಗ್ತಿರಲಿಲ್ಲ. ಆ ಭಾಗದ ವಿಶೇಷ ಏನಂದ್ರೆ, ರಕ್ತದಲ್ಲಿರೋ ವಸ್ತುಗಳು ಮೆದುಳಿಗೆ ನುಗ್ಗದ ಹಾಗೆ ತಡೆಯೋ ಗೋಡೆ ಅಲ್ಲಿ ತೆಳ್ಳಗಿದೆ. 1969ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆ ಕಾಲಕ್ಕೆ ಅಮೆರಿಕದಲ್ಲಿ ಬಾಟಲಿಯಲ್ಲಿ ಸಿಗ್ತಿದ್ದ ಮಕ್ಕಳ ಆಹಾರಕ್ಕೂ ಎಂಎಸ್‌ಜಿ ಹಾಕ್ತಿದ್ರು. ಯಾಕೆ ಗೊತ್ತಾ? ಮಗುವಿಗೆ ರುಚಿ ಹತ್ತಲಿ ಅಂತಲ್ಲ, ತಿನ್ನಿಸೋಕೆ ಮುಂಚೆ ಅಮ್ಮ ಒಂದು ಚಮಚ ಬಾಯಿಗೆ ಹಾಕಿ ನೋಡ್ತಾಳಲ್ಲ, ಅವಳಿಗೆ ಹಿಡಿಸಲಿ ಅಂತ. ಹಾಗಂತ ಆಗಲೇ ಟೀಕೆ ಬಂದಿತ್ತು. ಓಲ್ನಿ ಅಮೆರಿಕದ ಸೆನೆಟ್ ಸಮಿತಿ ಮುಂದೆ ಹೋಗಿ ಹೇಳಿಕೆ ಕೊಟ್ಟರು, ಅದೇ ವರ್ಷ ದೊಡ್ಡ ಕಂಪನಿಗಳು ಮಕ್ಕಳ ಆಹಾರಕ್ಕೆ ಅದನ್ನು ಹಾಕೋದು ನಿಲ್ಲಿಸಿದವು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಯಾಕಂದ್ರೆ ಈ ಕಥೆಯನ್ನ ಇಷ್ಟಕ್ಕೇ ನಿಲ್ಲಿಸಿ “ಟೇಸ್ಟಿಂಗ್ ಪೌಡರ್ ತಿಂದ್ರೆ ಮೆದುಳು ಸಾಯುತ್ತೆ” ಅಂತ ಫಾರ್ವರ್ಡ್ ಮಾಡೋರು ಬಹಳ ಜನ. ಓಲ್ನಿ ಅದನ್ನ ಚರ್ಮದಡಿ ಚುಚ್ಚಿದ್ದು, ದೊಡ್ಡ ಪ್ರಮಾಣದಲ್ಲಿ, ಹುಟ್ಟಿ ಕೆಲವೇ ದಿನ ಆದ ಇಲಿಗಳಿಗೆ. ಬೇರೆ ಲ್ಯಾಬ್‌ಗಳು ಕೋತಿಮರಿಗಳಲ್ಲಿ ನೋಡಿದಾಗ ಅದೇ ಹಾನಿ ಕಾಣಲಿಲ್ಲ, ಅದರ ಬಗ್ಗೆ ವರ್ಷಗಟ್ಟಲೆ ಜಗಳ ನಡೀತು. ಟೊಮೆಟೊದಲ್ಲೂ ಗ್ಲುಟಮೇಟ್ ಇದೆ, ಅಮ್ಮನ ಎದೆಹಾಲಲ್ಲೂ ಇದೆ. ನಾವು ತಿಂದ ಗ್ಲುಟಮೇಟ್ ಬಹುಪಾಲು ಕರುಳಿನಲ್ಲೇ ಖರ್ಚಾಗಿಬಿಡುತ್ತೆ. ನೀವು ಶನಿವಾರ ಸಂಜೆ ತಿನ್ನೋ ಒಂದು ಪ್ಲೇಟ್ ಗೋಬಿಗೂ ಆ ಇಲಿಮರಿಗೂ ಸಂಬಂಧ ಕಲ್ಪಿಸೋಕಾಗಲ್ಲ. ಗೋಬಿಯಲ್ಲಿ ಎಣ್ಣೆ ಎಷ್ಟನೇ ಸಲ ಕಾದದ್ದು ಅನ್ನೋದು ನನಗೆ ಇದಕ್ಕಿಂತ ದೊಡ್ಡ ಚಿಂತೆ.

ಹಾಗಾದ್ರೆ ಆ ಪ್ರಯೋಗದ ಮಹತ್ವ ಏನು? ಎಂಎಸ್‌ಜಿಗಿಂತ ತುಂಬಾ ದೊಡ್ಡ ವಿಷಯ ಅದರಲ್ಲಿತ್ತು. ಗ್ಲುಟಮೇಟ್ ಅನ್ನೋದು ಹೊರಗಿನ ವಿಷ ಅಲ್ಲ, ಮೆದುಳಿನ ಸ್ವಂತ ಭಾಷೆ. ಒಂದು ನರಕೋಶ ಪಕ್ಕದ್ದಕ್ಕೆ “ಏಳು, ಕೆಲಸ ಮಾಡು” ಅಂತ ಹೇಳೋಕೆ ಬಳಸೋ ಮುಖ್ಯ ರಾಸಾಯನಿಕ ಅದು. ಅದು ಹೋಗಿ ತಟ್ಟೋ ಬಾಗಿಲುಗಳನ್ನ ರಿಸೆಪ್ಟರ್ ಅಂತೀವಿ. ಅದರಲ್ಲಿ ಎನ್‌ಎಂಡಿಎ ಅನ್ನೋ ಒಂದು ಬಾಗಿಲಿದೆ. ತಟ್ಟಿದಾಗ ತೆರೆಯುತ್ತೆ, ಕ್ಯಾಲ್ಸಿಯಂ ಒಳಗೆ ಬರುತ್ತೆ, ಕೋಶ ಚುರುಕಾಗುತ್ತೆ, ಬಾಗಿಲು ಮುಚ್ಚುತ್ತೆ. ತಟ್ಟೋದು ನಿಲ್ಲದೇ ಇದ್ದರೆ? ಕ್ಯಾಲ್ಸಿಯಂ ನುಗ್ಗುತ್ತಾನೇ ಇರುತ್ತೆ, ನೀರೂ ಜೊತೆಗೆ, ಕೋಶ ಊದಿಕೊಂಡು ಒಡೆಯುತ್ತೆ. ಅಂದ್ರೆ ನರಕೋಶ ಅತಿಯಾದ ಉತ್ತೇಜನದಿಂದಲೇ ಸಾಯಬಹುದು. ಈ ರೀತಿಯ ಸಾವಿಗೆ ಓಲ್ನಿ ಕೊಟ್ಟ ಹೆಸರು ಎಕ್ಸೈಟೋಟಾಕ್ಸಿಸಿಟಿ. ಉಚ್ಚಾರ ಕಷ್ಟ, ನಾನು ‘ಗದ್ದಲದ ಸಾವು’ ಅಂತ ಕರೀತೀನಿ.

1980ರ ದಶಕಕ್ಕೆ ಬಂದಾಗ ಇದರ ಇನ್ನೊಂದು ಮುಖ ಕಾಣ್ತು. ಮೆದುಳಿಗೆ ಆಕ್ಸಿಜನ್ ನಿಂತುಹೋದಾಗ, ಪಾರ್ಶ್ವವಾಯು ಇರಬಹುದು, ಹುಟ್ಟುವಾಗ ಮಗುವಿಗೆ ಉಸಿರು ಕಟ್ಟಿದ್ದಿರಬಹುದು, ಕೋಶಗಳು ತಮ್ಮೊಳಗಿನ ಗ್ಲುಟಮೇಟನ್ನ ಹಿಡಿದಿಟ್ಟುಕೊಳ್ಳೋಕಾಗದೆ ಹೊರಗೆ ಸುರಿದುಬಿಡ್ತವೆ. ಆ ಸುರಿದದ್ದು ಪಕ್ಕದ ಕೋಶಗಳನ್ನ ಕೊಲ್ಲುತ್ತೆ. ಹಾಗಾದ್ರೆ ಎನ್‌ಎಂಡಿಎ ಬಾಗಿಲಿಗೆ ಬೀಗ ಹಾಕೋ ಔಷಧ ಕೊಟ್ಟರೆ ಮೆದುಳು ಉಳಿಯಬೇಕಲ್ವಾ? ಓಲ್ನಿ, ಅವರ ಸಹೋದ್ಯೋಗಿ ಸ್ಟೀವನ್ ರಾತ್‌ಮನ್ ಸೇರಿದಂತೆ ಬಹಳ ಜನ ಹಾಗೇ ಯೋಚಿಸಿದ್ರು. ಪ್ರಾಣಿಗಳಲ್ಲಿ ಚೆನ್ನಾಗೇ ಕೆಲಸ ಮಾಡ್ತು. ಔಷಧ ಕಂಪನಿಗಳು ದುಡ್ಡು ಸುರಿದವು. ಪಾರ್ಶ್ವವಾಯು ಆದ ಮನುಷ್ಯರಲ್ಲಿ ಒಂದರ ಹಿಂದೆ ಒಂದು ಟ್ರಯಲ್ ಸೋತವು.

ಇದನ್ನ ಇಲ್ಲಿಗೆ ಬಿಟ್ಟು ಸಾವಿನ ಇನ್ನೊಂದು ಬಗೆಗೆ ಬರ್ತೀನಿ, ಯಾಕಂದ್ರೆ ಅದಿಲ್ಲದೆ ಮುಂದಿನ ಕಥೆ ಅರ್ಥ ಆಗಲ್ಲ.

ಮೆದುಳು ಬೆಳೆಯುವಾಗ ಕೋಶಗಳು ಸಾಯೋದು ಸಹಜ. ಸ್ವಲ್ಪ ಅಲ್ಲ, ತುಂಬಾ. ಬೆನ್ನುಹುರಿ, ಮೆದುಳಿನ ಹಲವು ಭಾಗಗಳಲ್ಲಿ ಹುಟ್ಟಿದ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಾಯ್ತವೆ. ಭತ್ತದ ಸಸಿಮಡಿಯಲ್ಲಿ ಒತ್ತೊತ್ತಾಗಿ ಬೀಜ ಚೆಲ್ತಾರೆ, ಆದರೆ ಅಲ್ಲಿ ಕಿತ್ತು ಬೇರೆ ಕಡೆ ನಾಟಿ ಮಾಡ್ತಾರೆ; ಮೆದುಳು ನಾಟಿ ಮಾಡಲ್ಲ, ಹೆಚ್ಚಾದದ್ದನ್ನ ಅಲ್ಲೇ ಬಿಟ್ಟುಬಿಡುತ್ತೆ. ಯಾವ ಕೋಶಕ್ಕೆ ಸರಿಯಾದ ಸಂಪರ್ಕ ಸಿಕ್ತು, ಯಾವುದಕ್ಕೆ ಆ ಕಡೆಯಿಂದ “ನೀನು ಬೇಕು” ಅನ್ನೋ ಸಂದೇಶ ಬಂತು, ಅದು ಉಳಿಯುತ್ತೆ. ಯಾವುದಕ್ಕೆ ಬರಲಿಲ್ಲ, ಅದು ತನ್ನೊಳಗೇ ಇರೋ ಒಂದು ಯೋಜನೆ ಪ್ರಕಾರ ಅಚ್ಚುಕಟ್ಟಾಗಿ ಮಡಿಸಿಕೊಂಡು, ತುಂಡಾಗಿ, ಪಕ್ಕದವರಿಗೆ ತೊಂದರೆ ಕೊಡದೆ ಹೋಗುತ್ತೆ.

ಇದು ಗೊತ್ತಾದ ಕಥೆಯೇ ಒಂದು ಸಂಚಿಕೆ ಆಗಬೇಕು. ರೀಟಾ ಲೇವಿ-ಮೊಂಟಾಲ್ಚೀನಿ, ಇಟಲಿಯ ಯಹೂದಿ ಹೆಣ್ಣುಮಗಳು. 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾನೂನು ಬಂದು ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಮಲಗೋ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡರು. ಹೊಲಿಗೆ ಸೂಜಿಯನ್ನ ಚೂಪು ಮಾಡಿ ಅದರಲ್ಲೇ ಕೋಳಿಮೊಟ್ಟೆಯೊಳಗಿನ ಭ್ರೂಣದ ಶಸ್ತ್ರಚಿಕಿತ್ಸೆ. ಮೊಳೆಯುತ್ತಿರೋ ರೆಕ್ಕೆಯನ್ನೋ ಕಾಲನ್ನೋ ಕತ್ತರಿಸಿದರೆ ಅದಕ್ಕೆ ಹೋಗಬೇಕಿದ್ದ ನರಕೋಶಗಳು ಹುಟ್ಟಿ, ಬೆಳೆದು, ಆಮೇಲೆ ಸಾಯ್ತಿದ್ವು. ಯುದ್ಧ ಮುಗಿದ ಮೇಲೆ 1947ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಅವರನ್ನ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಹೌದು, ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯ. ಕೆಲವು ತಿಂಗಳಿಗೆ ಅಂತ ಹೋದವರು ಸುಮಾರು ಮೂವತ್ತು ವರ್ಷ ಇದ್ದರು. ನರಕೋಶವನ್ನ ಉಳಿಸೋ “ನೀನು ಬೇಕು” ಸಂದೇಶಗಳಲ್ಲಿ ಮೊದಲನೆಯದನ್ನ ಅಲ್ಲೇ ಕಂಡುಹಿಡಿದರು, 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಬಂತು. ಹ್ಯಾಂಬರ್ಗರ್‌ಗೆ ಕೊಡಲಿಲ್ಲ. ಕೊಡಬೇಕಿತ್ತು ಅಂತ ನನಗೂ ಅನಿಸುತ್ತೆ.

ಈ ಅಚ್ಚುಕಟ್ಟಾದ ಸಾವಿಗೆ 1972ರಲ್ಲಿ ಅಪೋಪ್ಟೋಸಿಸ್ ಅಂತ ಹೆಸರು ಬಂತು. ಗ್ರೀಕ್ ಪದ, ಮರದಿಂದ ಎಲೆ ಉದುರೋದು ಅಂತ ಅರ್ಥ. ಒಂದು ಮಿಲಿಮೀಟರ್ ಉದ್ದದ ಒಂದು ಹುಳು ಇದೆ, ಸಿ. ಎಲಿಗನ್ಸ್ ಅಂತ. ಅದು ಬೆಳೆಯುವಾಗ 1,090 ಕೋಶ ಹುಟ್ತವೆ, ಅದರಲ್ಲಿ ಸರಿಯಾಗಿ 131 ಸಾಯ್ತವೆ. ಪ್ರತಿ ಹುಳದಲ್ಲೂ ಅದೇ 131. ಅಷ್ಟು ಲೆಕ್ಕಾಚಾರದ ಸಾವು ಅದು.

ಈಗ ಎರಡು ಸಾವು ಕೈಯಲ್ಲಿವೆ. ಒಂದು ಗದ್ದಲದ ಸಾವು, ಅಪಘಾತ. ಇನ್ನೊಂದು ಎಲೆ ಉದುರೋ ಸಾವು, ಸಹಜ. ಮೂವತ್ತು ವರ್ಷ ಇವೆರಡೂ ಬೇರೆ ಬೇರೆ ಕೋಣೆಯಲ್ಲಿದ್ದವು. 1999ರಲ್ಲಿ ನಡುವಿನ ಬಾಗಿಲು ತೆರೀತು.

ಕ್ರಿಸ್ಸಾಂತಿ ಇಕೊನೊಮಿಡೊ ಅಂತ ಮಕ್ಕಳ ನರರೋಗ ತಜ್ಞೆ, ಆಗ ಬರ್ಲಿನ್‌ನಲ್ಲಿದ್ದರು, ಓಲ್ನಿ ಜೊತೆ ಕೆಲಸ ಮಾಡ್ತಿದ್ರು. ಎನ್‌ಎಂಡಿಎ ಬಾಗಿಲಿಗೆ ಬೀಗ ಹಾಕೋ ಔಷಧವನ್ನ ಅವರ ತಂಡ 7 ದಿನದ ಇಲಿಮರಿಗಳಿಗೆ ಕೊಟ್ಟು ನೋಡಿತು. ಗದ್ದಲದಿಂದ ಕಾಪಾಡಬೇಕಿದ್ದ ಔಷಧ ಅದು. ಆದರೆ ಮೆದುಳಿನ ಹಲವು ಭಾಗಗಳಲ್ಲಿ ಲಕ್ಷಾಂತರ ಕೋಶಗಳು ಸತ್ತವು, ಸಹಜವಾಗಿ ಸಾಯೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸತ್ತ ರೀತಿ ಊದಿ ಒಡೆದದ್ದಲ್ಲ. ಎಲೆ ಉದುರಿದ ರೀತಿ.

ಯಾಕೆ ಅಂತ ಯೋಚನೆ ಮಾಡಿ. ಎಳೆ ಮೆದುಳಲ್ಲಿ ಪ್ರತಿ ಕೋಶವೂ ಒಂದು ಪರೀಕ್ಷೆಯಲ್ಲಿದೆ. ನನಗೆ ಕರೆ ಬರ್ತಿದೆಯಾ, ನಾನು ಬೇಕಾದವನಾ ಅಂತ ಕಾಯ್ತಿದೆ. ಬೀಗ ಬಿದ್ದ ಕೂಡಲೇ ಕರೆ ನಿಂತಿತು. ಫೋನು ಸರಿಯಿಲ್ಲ ಅಂತ ಕೋಶಕ್ಕೆ ಗೊತ್ತಾಗಲ್ಲ. ನಾನು ಯಾರಿಗೂ ಬೇಡ ಅಂತ ತಿಳಿದುಕೊಂಡು ಒಳಗಿನ ಸ್ವಿಚ್ ಒತ್ತಿಬಿಡುತ್ತೆ. ಅದೇ ಬೀಗವನ್ನ ದೊಡ್ಡ ಇಲಿಗೆ ಹಾಕಿ ನೋಡಿ, ಈ ರೀತಿ ಸಾಮೂಹಿಕವಾಗಿ ಉದುರಲ್ಲ. ಅಲ್ಲಿ ಕೋಶಗಳ ಪರೀಕ್ಷೆ ಮುಗಿದುಹೋಗಿದೆ. ಗದ್ದಲವೂ ಕೊಲ್ಲುತ್ತೆ, ಮೌನವೂ ಕೊಲ್ಲುತ್ತೆ. ಎಳೆ ಮೆದುಳಿನ ತೊಂದರೆ ಇದು.

ಮೆದುಳನ್ನ ಮೌನ ಮಾಡೋ ವಸ್ತು ಅಂದ ಕೂಡಲೇ ನಿಮಗೆ ಮೊದಲು ನೆನಪಾಗೋದು ಯಾವುದು? ಎಣ್ಣೆ. ಅಡುಗೆ ಎಣ್ಣೆ ಅಲ್ಲ, ಇನ್ನೊಂದು. ಆಲ್ಕೋಹಾಲ್ ಎರಡು ಕೆಲಸ ಒಟ್ಟಿಗೆ ಮಾಡುತ್ತೆ. ಎನ್‌ಎಂಡಿಎ ಬಾಗಿಲನ್ನ ಮುಚ್ಚುತ್ತೆ, ಮೆದುಳಿಗೆ ಬ್ರೇಕ್ ಹಾಕೋ ‘ಗಾಬಾ’ ಅನ್ನೋ ವ್ಯವಸ್ಥೆಯನ್ನ ಒತ್ತಿ ಹಿಡಿಯುತ್ತೆ. 2000ದಲ್ಲಿ ಅದೇ ತಂಡ ‘ಸೈನ್ಸ್’ನಲ್ಲೇ ತೋರಿಸ್ತು, ಇಲಿಮರಿಗೆ ಆಲ್ಕೋಹಾಲ್ ಕೊಟ್ಟರೆ ಮೆದುಳಿನಲ್ಲಿ ಕೋಶಗಳು ಅದೇ ರೀತಿ ಉದುರ್ತವೆ ಅಂತ. ಗರ್ಭಿಣಿ ಕುಡಿದರೆ ಮಗುವಿನ ಮುಖಚಹರೆ, ಬುದ್ಧಿ, ಬೆಳವಣಿಗೆ ಮೇಲೆ ಪರಿಣಾಮ ಆಗುತ್ತೆ ಅಂತ 1973ರಲ್ಲೇ ಸಿಯಾಟಲ್‌ನ ವೈದ್ಯರು ಬರೆದಿದ್ದರು. ಮೆದುಳು ಚಿಕ್ಕದಾಗೋದು ಹೇಗೆ ಅನ್ನೋದಕ್ಕೆ ಒಂದು ಉತ್ತರ ಸಿಕ್ಕಿದ್ದು ಈಗ. ಇಲಿಗೆ ಹುಟ್ಟಿದ ಮೇಲಿನ ಮೊದಲ ಎರಡು ವಾರ ಹೇಗೋ, ಮನುಷ್ಯರಲ್ಲಿ ಗರ್ಭದ ಕೊನೆಯ ಮೂರು ತಿಂಗಳಿಂದ ಹುಟ್ಟಿ ಕೆಲವು ವರ್ಷಗಳವರೆಗೆ ಹಾಗೆ. ಆದ್ದರಿಂದ “ಮೊದಲ ಮೂರು ತಿಂಗಳು ಹುಷಾರಾಗಿದ್ರೆ ಸಾಕು” ಅನ್ನೋ ಮಾತು ತಪ್ಪು. ಗರ್ಭದಲ್ಲಿ ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನೋ ಅಳತೆ ಯಾವುದೂ ಇಲ್ಲ ಅಂತಲೇ ವೈದ್ಯರ ಸಂಘಗಳು ಹೇಳೋದು. ಹಾಂ, ಶೀತ ಆಯ್ತು ಅಂತ ಕೂಸಿನ ನಾಲಿಗೆಗೆ ಎರಡು ಹನಿ ಬ್ರಾಂದಿ ಹಚ್ಚೋ ಅಭ್ಯಾಸ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅಜ್ಜಿಗೆ ಗೌರವ ಕೊಟ್ಟೇ ಹೇಳ್ತೀನಿ, ಬೇಡ ಅಜ್ಜಿ.

ಆಲ್ಕೋಹಾಲ್ ವಿಷಯದಲ್ಲಿ ಸಲಹೆ ಸುಲಭ, ಮುಟ್ಟಬೇಡಿ ಅಂದ್ರಾಯ್ತು. ಆದರೆ ಮೆದುಳನ್ನ ಮೌನ ಮಾಡೋ ಇನ್ನೊಂದು ವಸ್ತು ಇದೆ, ಅದನ್ನ ಮುಟ್ಟದೇ ಇರೋಕಾಗಲ್ಲ. ಅನಸ್ತೇಸಿಯಾ.

ಆಪರೇಷನ್‌ಗೆ ಮುಂಚೆ ಪ್ರಜ್ಞೆ ತಪ್ಪಿಸೋ ಔಷಧಗಳು ಹೆಚ್ಚುಕಡಿಮೆ ಎಲ್ಲವೂ ಇದೇ ಎರಡು ದಾರಿಯಲ್ಲಿ ಕೆಲಸ ಮಾಡೋದು, ಎನ್‌ಎಂಡಿಎ ಮುಚ್ಚೋದು ಇಲ್ಲಾ ಗಾಬಾ ಒತ್ತೋದು. 2003ರಲ್ಲಿ ವೆಸ್ನಾ ಯೆವ್ಟೊವಿಚ್-ಟೊಡೊರೊವಿಚ್, ಓಲ್ನಿ ಮತ್ತು ತಂಡದವರು 7 ದಿನದ ಇಲಿಮರಿಗಳಿಗೆ ಮಿಡಾಜೋಲಂ, ನೈಟ್ರಸ್ ಆಕ್ಸೈಡ್, ಐಸೋಫ್ಲೂರೇನ್, ಅಂದ್ರೆ ಮಕ್ಕಳ ಆಪರೇಷನ್‌ನಲ್ಲಿ ಬಳಸೋ ಔಷಧಗಳನ್ನೇ, 6 ಗಂಟೆ ಕೊಟ್ಟರು. ಕೋಶಗಳು ಉದುರಿದವು. ಅಷ್ಟೇ ಅಲ್ಲ, ಆ ಮರಿಗಳು ದೊಡ್ಡವಾದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿರೋ ಮೆಟ್ಟಿಲು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳೋ ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಆಮೇಲೆ 2010ರಲ್ಲಿ ಕೋತಿಮರಿಗಳಲ್ಲೂ, 5 ಗಂಟೆ ಐಸೋಫ್ಲೂರೇನ್ ಕೊಟ್ಟಾಗ, ಕೋಶಗಳು ಹೆಚ್ಚಾಗಿ ಸತ್ತದ್ದು ಕಾಣ್ತು.

ಅನಸ್ತೇಸಿಯಾ ವೈದ್ಯರ ಲೋಕ ಅಲುಗಾಡಿತು. ಕೆಲವರು ಸಿಟ್ಟಾದ್ರು. ಅವರ ಆಕ್ಷೇಪದಲ್ಲಿ ಅರ್ಥ ಇತ್ತು. ಆಪರೇಷನ್ ಇಲ್ಲದೆ ಬರೀ ಔಷಧ ಕೊಟ್ಟಿದ್ದೀರಿ. ಇಲಿಮರಿಯ ಬಿಪಿ, ಆಕ್ಸಿಜನ್ ನಾವು ಮಗುವಿಗೆ ನೋಡೋ ಹಾಗೆ ಕ್ಷಣಕ್ಷಣಕ್ಕೂ ನೋಡೋಕಾಗಲ್ಲ. ಇಲಿಯ ಮೆದುಳು ಕೆಲವೇ ವಾರದಲ್ಲಿ ಬೆಳೆದು ಮುಗಿಯುತ್ತೆ, ಮಗುವಿನದು ವರ್ಷಗಟ್ಟಲೆ. ಅದರ 6 ಗಂಟೆ ಅಂದ್ರೆ ಇದರ ಎಷ್ಟು?

ಮತ್ತೆ ಇನ್ನೊಂದು ಇತಿಹಾಸ ಇದೆ. 1980ರ ದಶಕದವರೆಗೂ ಹಸುಗೂಸಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಅನ್ನೋ ನಂಬಿಕೆಯಲ್ಲಿ, ಬಹಳ ಕಡೆ ಕನಿಷ್ಠ ಅನಸ್ತೇಸಿಯಾ ಕೊಟ್ಟು ಆಪರೇಷನ್ ಮಾಡ್ತಿದ್ರು. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ 1987ರಲ್ಲಿ ತೋರಿಸಿಕೊಟ್ಟರು, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಸರಿಯಾಗಿ ನೋವುನಿವಾರಕ ಕೊಟ್ಟು ಆಪರೇಷನ್ ಮಾಡಿದರೆ ದೇಹದ ಮೇಲಿನ ಆಘಾತ ಕಡಿಮೆ ಆಗುತ್ತೆ ಅಂತ. ಅಲ್ಲಿಂದ ಮಕ್ಕಳಿಗೆ ಸರಿಯಾದ ಅನಸ್ತೇಸಿಯಾ ಸಿಗೋಕೆ ಶುರುವಾಯ್ತು. ಈಗ ಬಂದು ಅದೇ ಅಪಾಯ ಅಂದ್ರೆ?

ಈ ಸಂಚಿಕೆ ಮಾಡೋಕೆ ಕಾರಣ ಒಂದು ವಾಯ್ಸ್ ನೋಟ್. ಕೇಳುಗರೊಬ್ಬರು ಕಳಿಸಿದ್ದು, ಹೆಸರು ಹೇಳಲ್ಲ. ಅವರ ಮಗನಿಗೆ ಐದು ತಿಂಗಳು, ಹರ್ನಿಯಾ ಆಪರೇಷನ್ ಆಗಬೇಕು. ರಾತ್ರಿ ಫೋನಲ್ಲಿ ಹುಡುಕ್ತಾ ಕೂತಿದ್ದಾಗ “ಅನಸ್ತೇಸಿಯಾದಿಂದ ಮಕ್ಕಳ ಮೆದುಳಿಗೆ ಹಾನಿ, ಅಮೆರಿಕ ಸರ್ಕಾರದ ಎಚ್ಚರಿಕೆ” ಅಂತ ಸಿಕ್ಕಿದೆ. “ಡೇಟ್ ಮುಂದಕ್ಕೆ ಹಾಕಿಸ್ಲಾ ಅಣ್ಣಾ?” ಅಂತ ಕೇಳಿದ್ದರು.

ಅವರಿಗೆ ಸಿಕ್ಕಿದ್ದು ಸುಳ್ಳಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ನಿಜವಾಗಲೂ ಎಚ್ಚರಿಕೆ ಕೊಟ್ಟಿದೆ. ಆದರೆ ಅದರ ಪೂರ್ತಿ ಮಾತು ಬೇರೆ. 3 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ, ಗರ್ಭದ ಕೊನೆಯ ಮೂರು ತಿಂಗಳಲ್ಲಿರೋ ತಾಯಂದಿರಿಗೆ, ಪದೇಪದೇ ಅಥವಾ 3 ಗಂಟೆಗಿಂತ ಹೆಚ್ಚು ಹೊತ್ತು ಕೊಟ್ಟರೆ ಮಗುವಿನ ಮೆದುಳಿನ ಬೆಳವಣಿಗೆ ಮೇಲೆ ಪರಿಣಾಮ ಆಗಬಹುದು ಅಂತ. ಒಂದೇ ಸಲ, ಕಡಿಮೆ ಹೊತ್ತಿನದ್ದರ ಬಗ್ಗೆ ಅಲ್ಲ.

ಒಂದೇ ಸಲ, ಕಡಿಮೆ ಹೊತ್ತು ಕೊಟ್ಟರೆ ಏನಾಗುತ್ತೆ ಅನ್ನೋದನ್ನ ಮನುಷ್ಯರಲ್ಲೇ ನೋಡಿದ್ದಾರೆ, ಅದೂ ಹರ್ನಿಯಾ ಆಪರೇಷನ್‌ನಲ್ಲೇ. ಗ್ಯಾಸ್ ಅಂತ ಆ ಅಧ್ಯಯನದ ಹೆಸರು. ಆಸ್ಟ್ರೇಲಿಯಾ, ಇಟಲಿ, ಅಮೆರಿಕ ಸೇರಿ 7 ದೇಶಗಳ 722 ಹಸುಗೂಸುಗಳು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಪೂರ್ತಿ ಅನಸ್ತೇಸಿಯಾ, ಇನ್ನರ್ಧಕ್ಕೆ ಎಚ್ಚರವಾಗಿರುವಾಗಲೇ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮಾತ್ರ ಮರಗಟ್ಟಿಸಿ ಆಪರೇಷನ್. ಪೂರ್ತಿ ಅನಸ್ತೇಸಿಯಾ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಮಕ್ಕಳಿಗೆ 5 ವರ್ಷ ಆಗೋವರೆಗೆ ಕಾದು ಐಕ್ಯೂ ನೋಡಿದ್ರು. 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು: ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಅಣ್ಣ-ತಮ್ಮ, ಅಕ್ಕ-ತಂಗಿಯರ ಜೋಡಿ ತಗೊಂಡು, ಒಬ್ಬರಿಗೆ ಚಿಕ್ಕಂದಿನಲ್ಲಿ ಅನಸ್ತೇಸಿಯಾ ಆಗಿದೆ, ಇನ್ನೊಬ್ಬರಿಗೆ ಆಗಿಲ್ಲ, ಹಾಗೆ 105 ಜೋಡಿ ಹೋಲಿಸಿದ ಇನ್ನೊಂದು ಅಧ್ಯಯನದಲ್ಲೂ ಐಕ್ಯೂ ವ್ಯತ್ಯಾಸ ಸಿಗಲಿಲ್ಲ. ಮೇಯೋ ಕ್ಲಿನಿಕ್‌ನವರು 2018ರಲ್ಲಿ ಹಲವು ಸಲ ಅನಸ್ತೇಸಿಯಾ ಆದ ಮಕ್ಕಳನ್ನೂ ನೋಡಿದ್ರು. ಐಕ್ಯೂ ಸರಿಯಾಗೇ ಇತ್ತು. ಆದರೆ ಕೈಬೆರಳಿನ ಸೂಕ್ಷ್ಮ ಕೆಲಸ, ವಿಷಯ ಗ್ರಹಿಸೋ ವೇಗ ಸ್ವಲ್ಪ ಕಡಿಮೆ ಕಂಡಿತು. ಅದು ಅನಸ್ತೇಸಿಯಾದಿಂದಲೋ, ಪದೇಪದೇ ಆಪರೇಷನ್ ಬೇಕಾಗೋ ಕಾಯಿಲೆಯಿಂದಲೋ, ಬಿಡಿಸಿ ಹೇಳೋದು ಕಷ್ಟ.

ಹಾಗಾಗಿ ಆ ತಂದೆಗೆ ನಾನು ಹೇಳಿದ್ದು ಇಷ್ಟೇ: ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡರೆ ಅದು ಇವತ್ತಿನ ಅಪಾಯ, ಪ್ರಾಣದ ಅಪಾಯ. ಫೋನ್ ನೋಡಿ ಡೇಟ್ ಮುಂದೂಡಬೇಡಿ. ಅನಸ್ತೇಸಿಯಾ ಡಾಕ್ಟರನ್ನ ಭೇಟಿ ಮಾಡಿ. ಎಷ್ಟು ಹೊತ್ತು ಆಗಬಹುದು ಸಾರ್, ಒಂದೇ ಸಲಕ್ಕೆ ಮುಗಿಯುತ್ತಾ, ಮಕ್ಕಳಿಗೆ ಅನಸ್ತೇಸಿಯಾ ಕೊಟ್ಟು ಅಭ್ಯಾಸ ಇರೋರು ಇರ್ತಾರಾ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಫಿಟ್ಸ್ ಬರೋ ಮಕ್ಕಳ ತಂದೆತಾಯಿಗೂ ಇದೇ ಮಾತು. ಫಿಟ್ಸ್‌ನ ಕೆಲವು ಔಷಧಗಳೂ ಇಲಿಮರಿಯಲ್ಲಿ ಇದೇ ಥರ ಕೋಶ ಉದುರಿಸಿವೆ. ಆದರೆ ನಿಲ್ಲದ ಫಿಟ್ಸ್ ಅಂದ್ರೆ ಅದೇ ಗದ್ದಲ. ಔಷಧವನ್ನ ನೀವೇ ನಿಲ್ಲಿಸೋ ಹಾಗಿಲ್ಲ.

ಇಲಿಯಲ್ಲಿ ಸತ್ಯ ಆದದ್ದು ಮಗುವಿನಲ್ಲಿ ಎಷ್ಟು ಸತ್ಯ? ಅನಸ್ತೇಸಿಯಾದಲ್ಲಿ ಇಲಿ ಹೆದರಿಸಿದಷ್ಟು ಮನುಷ್ಯರಲ್ಲಿ ಆಗಲಿಲ್ಲ, ಸಮಾಧಾನ. ಇದರ ಉಲ್ಟಾ ಕೂಡ ಆಗುತ್ತೆ. ಅದು ನಮ್ಮ ಬೆಂಗಳೂರಿಗೂ ಸಂಬಂಧಪಟ್ಟದ್ದು. ನನ್ನ ಪ್ರಕಾರ ಈ ಇಡೀ ಸಂಚಿಕೆಯಲ್ಲಿ ಅದೇ ಮುಖ್ಯ.

ಹುಟ್ಟುವಾಗ ಉಸಿರುಕಟ್ಟಿದ ಮಗುವಿನ ಮಾತು ಆಗ ಬಂತಲ್ಲ. ಅದರಲ್ಲಿ ಒಂದು ವಿಚಿತ್ರ ಇದೆ. ಮಗುವಿಗೆ ಉಸಿರು ಬಂದ ಮೇಲೆ ಮೆದುಳು ಕೆಲವು ಗಂಟೆ ಚೇತರಿಸಿಕೊಂಡ ಹಾಗೆ ಕಾಣುತ್ತೆ. ಆಮೇಲೆ, ಆರು ಗಂಟೆಯೋ ಹದಿನೈದು ಗಂಟೆಯೋ ಆದ ಮೇಲೆ, ಕೋಶಗಳ ಶಕ್ತಿ ಮತ್ತೆ ಕುಸಿಯುತ್ತೆ, ಆಗ ದೊಡ್ಡ ಸಾವು. ಗದ್ದಲದ ಸಾವೂ ಇದೆ ಅದರಲ್ಲಿ, ಎಲೆ ಉದುರೋದೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 1980ರ ದಶಕದಲ್ಲಿ ಮಕ್ಕಳ ಮೆದುಳಿನ ಸ್ಕ್ಯಾನ್‌ನಲ್ಲೇ ಈ ಎರಡನೇ ಕುಸಿತ ನೋಡಿದ್ರು. ಅಂದ್ರೆ ನಡುವೆ ಒಂದು ಕಿಟಕಿ ತೆರೆದಿರುತ್ತೆ. ನ್ಯೂಜಿಲೆಂಡ್‌ನ ಅಲಿಸ್ಟರ್ ಗನ್ ಕುರಿಯ ಭ್ರೂಣದಲ್ಲಿ ಆ ಕಿಟಕಿಯೊಳಗೆ ಮೆದುಳನ್ನ ತಣ್ಣಗೆ ಮಾಡಿ ಹಾನಿ ಕಡಿಮೆ ಮಾಡಿದ್ರು. ಅಲ್ಲಿಂದ ಮಕ್ಕಳಿಗೆ ಬಂತು: ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ, 72 ಗಂಟೆ, ದೇಹದ ಉಷ್ಣತೆ 33.5 ಡಿಗ್ರಿ. 2005ರ ಅಮೆರಿಕದ ಟ್ರಯಲ್‌ನಲ್ಲಿ ಸಾವು ಅಥವಾ ದೊಡ್ಡ ಅಂಗವೈಕಲ್ಯ ಶೇ 62ರಿಂದ ಶೇ 44ಕ್ಕೆ ಇಳಿಯಿತು. ಶ್ರೀಮಂತ ದೇಶಗಳಲ್ಲಿ ಅದೇ ಈಗ ಮಾಮೂಲಿ ಚಿಕಿತ್ಸೆ.

ನಮ್ಮಲ್ಲೂ ಮಾಡಬಹುದಲ್ವಾ, ಉಸಿರುಕಟ್ಟೋ ಮಕ್ಕಳು ಇಲ್ಲೇ ಜಾಸ್ತಿ ಅಲ್ವಾ ಅಂತ ಎಲ್ಲರಿಗೂ ಅನಿಸಿತು. ಕೆಲವು ಕಡೆ ಶುರುವೂ ಆಯ್ತು. ಆಗ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ಮುಂದಾಳತ್ವದಲ್ಲಿ ಹೀಲಿಕ್ಸ್ ಅನ್ನೋ ಟ್ರಯಲ್ ನಡೀತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ದೊಡ್ಡ ಆಸ್ಪತ್ರೆಗಳು, ಬೆಂಗಳೂರೂ ಸೇರಿ, 408 ಮಕ್ಕಳು. 2021ರಲ್ಲಿ ಫಲಿತಾಂಶ ಬಂತು. ಸಾವು ಅಥವಾ ಅಂಗವೈಕಲ್ಯ ಎರಡೂ ಗುಂಪಲ್ಲಿ ಹೆಚ್ಚುಕಡಿಮೆ ಒಂದೇ, ಶೇ 50 ಮತ್ತು ಶೇ 47. ಆದರೆ ಬರೀ ಸಾವನ್ನ ನೋಡಿದರೆ, ತಣ್ಣಗೆ ಮಾಡಿದ ಮಕ್ಕಳಲ್ಲಿ ಶೇ 42, ಮಾಡದವರಲ್ಲಿ ಶೇ 31. ಅಲ್ಲಿ ಕಾಪಾಡಿದ ಚಿಕಿತ್ಸೆ ಇಲ್ಲಿ ಸಾವು ಹೆಚ್ಚಿಸಿತ್ತು.

ಯಾಕೆ? ನಮ್ಮ ಮಕ್ಕಳ ಮೆದುಳು ಬೇರೆ ಥರ ಇದೆ ಅಂತಲ್ಲ. ಸಂಶೋಧಕರ ಊಹೆ ಏನಂದ್ರೆ, ಇಲ್ಲಿ ಏಟು ಬೀಳೋ ಸಮಯ ಬೇರೆ. ಅಲ್ಲಿ ಹೆಚ್ಚಾಗಿ ಹೆರಿಗೆಯ ಕೊನೆಯ ಗಳಿಗೆಯಲ್ಲಿ ಆಗೋ ದಿಢೀರ್ ಅನಾಹುತ, ಕೂಡಲೇ ಆಪರೇಷನ್, ಕೂಡಲೇ ಚಿಕಿತ್ಸೆ. ಇಲ್ಲಿ ಗಂಟೆಗಟ್ಟಲೆ ಹೆರಿಗೆ ನೋವಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಆಕ್ಸಿಜನ್ ಕಡಿಮೆ ಆಗ್ತಾ ಬಂದಿರುತ್ತೆ, ಕೆಲವೊಮ್ಮೆ ಗರ್ಭದಲ್ಲೇ ತೊಂದರೆ ಶುರುವಾಗಿರುತ್ತೆ. ಮಗು ಹುಟ್ಟೋ ಹೊತ್ತಿಗೆ ಆ ಕಿಟಕಿ ಮುಚ್ಚಿರುತ್ತೆ. ಎರಡನೇ ಕುಸಿತ ಆಗಲೇ ನಡೆದುಹೋಗಿರುತ್ತೆ. ಅದರ ಮೇಲೆ ತಣ್ಣಗೆ ಮಾಡಿದರೆ ಉಳಿಯೋದು ತೊಂದರೆ ಮಾತ್ರ.

ತಣ್ಣಗೆ ಮಾಡೋದನ್ನ ಪೂರ್ತಿ ನಿಲ್ಲಿಸಬೇಕಾ ಅನ್ನೋದರ ಬಗ್ಗೆ ನಮ್ಮ ಮಕ್ಕಳ ತಜ್ಞರಲ್ಲಿ ಒಮ್ಮತ ಇಲ್ಲ, ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ. ಆದರೆ ಹೀಲಿಕ್ಸ್ ನಡೆಯದೇ ಇದ್ದಿದ್ದರೆ ಪಠ್ಯಪುಸ್ತಕದಲ್ಲಿದೆ ಅಂತ ಎಲ್ಲ ಕಡೆ ತಣ್ಣಗೆ ಮಾಡ್ತಾನೇ ಇರ್ತಿದ್ರು. ಚಿಕಿತ್ಸೆಯ ದುಡ್ಡು, ಗಮನ ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆಯೂ ಬದಲಾಗಿದೆ. ಹೆರಿಗೆ ವಾರ್ಡಿನಲ್ಲಿ ಮಗುವಿನ ಎದೆಬಡಿತ ಎಷ್ಟು ಸಲ ನೋಡ್ತಾರೆ, ನೋವು ಬರಿಸೋ ಇಂಜೆಕ್ಷನ್ ಯಾರು, ಎಷ್ಟು ಕೊಡ್ತಾರೆ, ಸಿಸೇರಿಯನ್ ಬೇಕು ಅಂದಾಗ ತಾಲೂಕಿನಿಂದ ಜಿಲ್ಲೆಗೆ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಹೊರಡುತ್ತೆ. ಮೈಕ್ರೋಸ್ಕೋಪಿನ ಕೆಳಗೆ ಕಾಣೋ ವಿಷಯಗಳಲ್ಲ ಇವು.

ನಿಮ್ಮ ಪ್ರಶ್ನೆಗಳಿದ್ದರೆ ವಾಯ್ಸ್ ನೋಟ್ ಕಳಿಸಿ, ಮಗುವಿನ ಹೆಸರು, ಆಸ್ಪತ್ರೆ ಹೆಸರು ಹೇಳೋದು ಬೇಡ. ರೀಟಾ ಲೇವಿ-ಮೊಂಟಾಲ್ಚೀನಿಯ ಮಲಗೋ ಕೋಣೆ ಲ್ಯಾಬಿನ ಕಥೆ ಮುಂದಿನ ವಾರ ಪೂರ್ತಿಯಾಗಿ ಹೇಳ್ತೀನಿ. ನಮಸ್ಕಾರ.